ನನ್ನ ಗಾಡಿಗೆ ಕೈ ಹಚ್ಚಿದವರು

ಔರಾದಿನ ನಮ್ಮ ಬಾಡಿಗೆ ಮನೆಯ ಅಟ್ಟದ ಮೇಲೆ ಒಂದು ಗೋಣಿಚೀಲವಿದೆ. ಅದರಲ್ಲಿ ಹರಿದ ಸೈಕಲ್ ಟ್ಯೂಬುಗಳು, ಗೊಬ್ಬರದ ಚೀಲದ ತುಂಡುಗಳು, ಕತ್ತರಿಸಿದ ಎಣ್ಣೆ ಕ್ಯಾನಿನ ಚೂರುಗಳು ಮತ್ತು ಜೋಡಿ ಇಲ್ಲದ ನಾಲ್ಕು ಹವಾಯಿ ಚಪ್ಪಲಿಗಳಿವೆ. ಮೊನ್ನೆ ದಸರೆಯ ಮುಂದೆ ಮನೆ ಸ್ವಚ್ಛ ಮಾಡುವಾಗ ನನ್ನ ಹೆಂಡತಿ ಶಕುಂತಲಾ ಅದನ್ನು ಕೆಳಗಿಳಿಸಿ, ಇದನ್ನಿನ್ನು ಗುಜರಿಯವನಿಗೆ ಕೊಟ್ಟುಬಿಡೋಣವೇ ಎಂದು ಕೇಳಿದಳು. ಬೇಡ ಎಂದೆ. ಯಾಕೆ ಎಂದಳು. ಗುಜರಿಯವನ ತಕ್ಕಡಿಯ ಮೇಲೆ ನನಗೆ ನಂಬಿಕೆಯಿಲ್ಲ ಎಂದೆ. ಅವಳು ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ, ಬೆನ್ನು ತಿರುಗಿಸಿದ್ದಳು. ಬೆನ್ನು ತಿರುಗಿಸಿ ನಗುವವರ ಮೇಲೂ ನನಗೆ ಅನುಮಾನವೇ.

ಅನುಮಾನ ನನಗೆ ಚಟವಲ್ಲ, ಉದ್ಯೋಗವಾಗಿತ್ತು. ಮೂವತ್ತು ವರ್ಷ ಸರಕಾರಿ ಬಸ್ಸಿನ ಅನ್ನ ಉಂಡವನು ನಾನು. ಮೊದಲು ಕಂಡಕ್ಟರ್, ಆಮೇಲೆ ಚೆಕಿಂಗ್. ಬೀದರಿನಿಂದ ಭಾಲ್ಕಿಗೆ, ಔರಾದಿಗೆ ಹೋಗುವ ದಾರಿಗಳಲ್ಲಿ ಯಾವ ಬೇವಿನ ಮರದ ಮರೆಗೆ ನಿಂತರೆ ಬಸ್ಸಿನವರಿಗೆ ನಾವು ಕಾಣುವುದಿಲ್ಲ ಎಂಬುದು ಈಗಲೂ ಬಾಯಿಪಾಠ. ಕೈ ಮಾಡಿ ಬಸ್ಸು ನಿಲ್ಲಿಸಿ ಮೇಲೆ ಹತ್ತಿದೊಡನೆ ನಾನು ಮೊದಲು ನೋಡುತ್ತಿದ್ದುದು ಟಿಕೇಟನ್ನಲ್ಲ, ಮುಖವನ್ನು. ಒಮ್ಮೆ ಒಬ್ಬ ಅಜ್ಜಿ ಮಡಿಲಲ್ಲಿ ಏನನ್ನೋ ಮಲಗಿಸಿಕೊಂಡು ಮೇಲೆ ಸೆರಗು ಹೊದಿಸಿ ಕೂತಿದ್ದಳು. ಜ್ವರ ಬಂದದ, ಮುಟ್ಟಬ್ಯಾಡ್ರಿ ಎಂದಳು. ನನಗೆ ಆಗಲೇ ಅನುಮಾನ. ಸೀಟಿನ ಪಕ್ಕದಲ್ಲೇ ನಿಂತುಕೊಂಡೆ. ಭಾಲ್ಕಿ ಹತ್ತಿರವಾದಾಗ ಮಡಿಲಿನಿಂದ ಕೂಗು ಬಂತು. ಹುಂಜ. ಅಜ್ಜಿ ಕಣ್ಣು ಕೂಡ ಮಿಟುಕಿಸದೆ, ಹುಂಜಕ್ಕ ಜ್ವರ ಬರಬಾರದೇನ್ರಿ ಎಂದು ನನ್ನನ್ನೇ ಕೇಳಿದಳು. ಬಸ್ಸು ತುಂಬ ನಗು. ನಾನು ಮಾತ್ರ ನಗಲಿಲ್ಲ, ಹುಂಜಕ್ಕೆ ಟಿಕೇಟು ಕೊಡಿಸಿಯೇ ಇಳಿದೆ.

ಇದು ರಕ್ತದಲ್ಲೇ ಬಂದದ್ದು ಎನ್ನಬೇಕು. ನಮ್ಮ ಅಪ್ಪ ಭಾಲ್ಕಿಯ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅವರಿಗೊಂದು ಸೈಕಲ್ ಇತ್ತು. ಬೀಗ ಎಂಬ ವಸ್ತುವಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ, ಏಕೆಂದರೆ ಬೀಗ ಮಾಡಿದವನ ಹತ್ತಿರ ಇನ್ನೊಂದು ಕೀಲಿ ಇದ್ದೇ ಇರುತ್ತದೆ. ಆದ್ದರಿಂದ ಎಲ್ಲಿ ಸೈಕಲ್ ನಿಲ್ಲಿಸಿದರೂ ಅದರ ಸೀಟನ್ನು ಕಿತ್ತು ಬಗಲಲ್ಲಿ ಇಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಬಗಲಲ್ಲಿ ಸೀಟು ಇಟ್ಟುಕೊಂಡೇ ಕಾಯಿಪಲ್ಲೆ ಕೊಳ್ಳುತ್ತಿದ್ದರು, ಸಾಲಿಗೆ ಬಂದು ನನ್ನ ಮಾಸ್ತರರನ್ನು ಕಾಣುತ್ತಿದ್ದರು, ಮದುವೆಯ ಪಂಕ್ತಿಯಲ್ಲಿ ಸೀಟನ್ನು ತೊಡೆಯ ಮೇಲಿಟ್ಟುಕೊಂಡು ಹೋಳಿಗೆ ಉಣ್ಣುತ್ತಿದ್ದರು. ಹುಡುಗರೆಲ್ಲ ನನ್ನನ್ನು ಸೀಟಿನವರ ಮಗ ಎಂದೇ ಕರೆಯುತ್ತಿದ್ದರು. ಒಂದು ಸಂತೆಯ ದಿನ ಸ್ಟೇಷನ್ ಹತ್ತಿರ ನಿಲ್ಲಿಸಿದ್ದ ಸೈಕಲ್ ಕಾಣೆಯಾಯಿತು. ಅಪ್ಪ ಸೀಟು ಹಿಡಿದುಕೊಂಡು ನಡೆದು ಮನೆಗೆ ಬಂದರು. ಅವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಅಪ್ಪ ಮಾತ್ರ ಬಹಳ ಸಮಾಧಾನದಿಂದ, ಹೋಗಲಿ ಬಿಡು, ಕಳ್ಳ ನಿಂತುಕೊಂಡೇ ತುಳಿದಿರಬೇಕು ಎಂದರು.

ಇಂಥವರ ಮಗ ಕರೆಂಟಿನ ಮೋಟರ್‌ಸೈಕಲ್ ಕೊಂಡದ್ದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೂ ಕಾರಣ ಅನುಮಾನವೇ. ಪೆಟ್ರೋಲ್ ಬಂಕಿನಲ್ಲಿ ಸೊನ್ನೆ ನೋಡಿಕೊಳ್ಳಿ ಎನ್ನುವವರನ್ನು ನಾನು ಎಂದೂ ನಂಬಿದವನಲ್ಲ. ಸೊನ್ನೆಯನ್ನು ಅಷ್ಟು ಉತ್ಸಾಹದಿಂದ ತೋರಿಸುವವರು ಉಳಿದದ್ದನ್ನು ಮುಚ್ಚಿಡುತ್ತಿರಬೇಕು. ಕರೆಂಟಾದರೆ ಮನೆಯ ಮೀಟರು, ನಾನೇ ನೋಡಬಹುದು. ಬೀದರಿನ ಅಂಗಡಿಯಲ್ಲಿ ಗಾಡಿ ತೋರಿಸಿದವನು, ಇದಕ್ಕೆ ಮಳೆಯಾದರೂ ಏನೂ ಆಗುವುದಿಲ್ಲ, ಕೆಸರಾದರೂ ಏನೂ ಆಗುವುದಿಲ್ಲ ಎಂದು ನಗುನಗುತ್ತ ಹೇಳಿದ. ಏನೂ ಆಗುವುದಿಲ್ಲ ಎಂದು ಅವನು ಎರಡು ಸಲ ಹೇಳಿದ್ದು ನನಗೆ ಸರಿಬರಲಿಲ್ಲ. ಆದರೂ ಕೊಂಡೆ, ಅವಸರವಿತ್ತು.

ಅವಸರ ಶಕುಂತಲಾಳದು. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾನು ರಿಟೈರಾದ ವರ್ಷವೇ ಅವಳಿಗೆ ಔರಾದ ತಾಲೂಕಿನ ಒಂದು ಸಣ್ಣ ಊರಿಗೆ ವರ್ಗವಾಯಿತು. ಕಾಗದದಲ್ಲಿ ಅದಕ್ಕೆ ಉದ್ದದ ಹೆಸರಿದೆ, ಬಾಯಲ್ಲಿ ಎಲ್ಲರೂ ವಾಡಿ ಎನ್ನುತ್ತಾರೆ. ಔರಾದಿನಿಂದ ಹನ್ನೊಂದು ಕಿಲೋಮೀಟರು. ಐದು ಡಾಂಬರು, ಆರು ಬಂಡಿ ದಾರಿ. ನಡುವೆ ಒಂದು ಹಳ್ಳ. ಬಸ್ಸಿಲ್ಲ. ನನ್ನ ಇಡೀ ಸರ್ವಿಸ್ಸಿನಲ್ಲಿ ನಾನು ಚೆಕಿಂಗ್ ಮಾಡದ ಊರು ಅದೊಂದೇ ಇರಬೇಕು. ಶಾಲೆಗೆ ಇವಳೊಬ್ಬಳೇ ಟೀಚರು. ಮಕ್ಕಳು ಹದಿನಾಲ್ಕು. ಇಷ್ಟು ಕಡಿಮೆ ಮಕ್ಕಳಿರುವ ಶಾಲೆಯನ್ನು ಹಳ್ಳದಾಚೆಯ ದೊಡ್ಡ ಊರಿನ ಶಾಲೆಗೆ ಸೇರಿಸಿಬಿಡುವ ಮಾತು ನಡೆದಿತ್ತು. ಸೇರಿಸಿದರೆ ಆರು ವರ್ಷದ ಕೂಸುಗಳು ಮಳೆಗಾಲದಲ್ಲಿ ಹಳ್ಳ ದಾಟಬೇಕು. ಅಂದರೆ ಅರ್ಧ ಜನ ಸಾಲಿ ಬಿಡುತ್ತಾರೆ. ಇಲಾಖೆಯ ಸಾಹೇಬರೊಬ್ಬರು ಯಾವ ದಿನ ಎಂದು ಹೇಳದೆ ಬಂದು ನೋಡುತ್ತಾರೆ, ಆ ದಿನ ಟೀಚರು ಹೊತ್ತಿಗೆ ಸರಿಯಾಗಿ ಇರದಿದ್ದರೆ ಶಾಲೆಗೆ ಬೀಗ ಎಂದು ಮೊದಲೇ ತಿಳಿದಿತ್ತು. ಹೇಳದೆ ಬರುವವರ ರೀತಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳನ್ನು ದಿನಾ ಒಂಬತ್ತೂವರೆಯೊಳಗೆ ವಾಡಿಗೆ ಮುಟ್ಟಿಸುವ ಹೊಣೆ ನನ್ನದಾಯಿತು.

ಎರೆಮಣ್ಣಿನ ದಾರಿಯ ಸಂಗತಿ ನಿಮ್ಮಲ್ಲಿ ಕೆಂಪುಮಣ್ಣಿನವರಿಗೆ ಗೊತ್ತಿರಲಿಕ್ಕಿಲ್ಲ. ಬೀದರ ಪಟ್ಟಣದ ಸುತ್ತಲಿನ ಕೆಂಪುನೆಲದಲ್ಲಿ ಮಳೆ ಬಂದರೆ ನೀರು ಹರಿದುಹೋಗುತ್ತದೆ, ಗಾಡಿಯೂ ಹೋಗುತ್ತದೆ. ಔರಾದಿನ ಎರೆಯಲ್ಲಿ ಮಳೆ ಬಂದರೆ ನೆಲವೇ ಎದ್ದು ಗಾಡಿಗೆ ಹತ್ತುತ್ತದೆ. ಮೊದಲ ದಿನ ಮುಂದಿನ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಚಕ್ರ ತಿರುಗುವುದೇ ನಿಂತಿತು. ನಾನು ಕಡ್ಡಿಯಿಂದ ಕೆರೆಯುವುದು, ನೂರು ಹೆಜ್ಜೆ ಹೋಗುವುದು, ಮತ್ತೆ ಕೆರೆಯುವುದು. ಶಕುಂತಲಾ ಹಿಂದೆ ನಿಂತು ಗಡಿಯಾರ ನೋಡುವುದು. ಅಂದು ಶಾಲೆ ಮುಟ್ಟಿದಾಗ ಹತ್ತೂಕಾಲು. ಪುಣ್ಯಕ್ಕೆ ಅಂದು ಸಾಹೇಬರು ಬಂದಿರಲಿಲ್ಲ.

ಆ ರವಿವಾರ ನಾನು ಭಾಲ್ಕಿಗೆ ಹೋಗಿ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಗಾಡಿಯ ಕಂಪನಿಯವರು ಮಾರುವ ಸಾಮಾನಿನ ಪಟ್ಟಿ ನೋಡಿದ್ದೆ. ಅಷ್ಟು ದೊಡ್ಡ ಪಟ್ಟಿ ಇಟ್ಟುಕೊಂಡಿದ್ದಾರೆಂದರೆ ಗಾಡಿಯನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು ಅರ್ಥ. ಉಳಿದರ್ಧ ನಾನೇ ಮಾಡುತ್ತೇನೆ ಎಂದುಕೊಂಡೆ. ಮುಂದಿನ ಮಡ್‌ಗಾರ್ಡು ಕಿತ್ತು, ಎಣ್ಣೆಯ ಪ್ಲಾಸ್ಟಿಕ್ ಕ್ಯಾನನ್ನು ಉದ್ದಕ್ಕೆ ಸೀಳಿ ಒಂದು ಗೇಣು ಎತ್ತರಕ್ಕೆ ಕೂಡಿಸಿದೆ. ಅದು ಕಂಪಿಸದಂತೆ ನಡುವೆ ಹಳೆಯ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ಇಟ್ಟೆ. ನಮ್ಮ ಕಡೆ ಜಾಲಿಮುಳ್ಳು ಟಯರನ್ನು ಹುಡುಕಿಕೊಂಡೇ ಬರುತ್ತದೆ, ಅದಕ್ಕೆ ಹಳೆಯ ಟ್ಯೂಬೊಂದನ್ನು ಸೀಳಿ ಹೊಸ ಟ್ಯೂಬಿಗೂ ಟಯರಿಗೂ ನಡುವೆ ಹಾಸಿದೆ. ಕಲ್ಲು ಬಡಿಯಬಾರದೆಂದು ಗಾಡಿಯ ಹೊಟ್ಟೆಯ ಕೆಳಗೆ ಶಕುಂತಲಾಳ ಬಿರುಕು ಬಿಟ್ಟ ರೊಟ್ಟಿ ಹಂಚನ್ನು ನಾಲ್ಕು ಬೋಲ್ಟಿನಲ್ಲಿ ಬಿಗಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಇವತ್ತಿಗೂ ಗಾಡಿಯ ಮೇಲಿವೆ. ಔರಾದಿನಲ್ಲಿ ಇಬ್ಬರು ನನ್ನಿಂದ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಯಾಕೆ ತೆಗೆದುಕೊಂಡರು ಎಂದು ಸ್ವಲ್ಪ ಯೋಚಿಸಿದೆ, ಇರಲಿ.

ಸದ್ದಿನದೊಂದು ತೊಂದರೆ ಇತ್ತು. ಕರೆಂಟಿನ ಗಾಡಿ ಕಳ್ಳನ ಹಾಗೆ ಬರುತ್ತದೆ. ದಾರಿಯಲ್ಲಿ ಹೊರೆ ಹೊತ್ತ ಹೆಂಗಸರು ಬೆಚ್ಚಿ ಬೈಯುತ್ತಿದ್ದರು. ಸದ್ದಿಲ್ಲದೆ ಬರುವವರನ್ನು ಯಾರು ತಾನೆ ನಂಬುತ್ತಾರೆ? ಎತ್ತಿನ ಕೊರಳ ಗಂಟೆಯೊಂದನ್ನು ಹಿಂದೆ ಕಟ್ಟಿದೆ. ಎರಡು ದಿನ ಅದೇ ಸದ್ದು ಕೇಳಿ ಒಂದು ಒಂಟಿ ಎಮ್ಮೆ ನಮ್ಮ ಬೆನ್ನು ಹತ್ತಿ ಶಾಲೆಯವರೆಗೂ ಬಂತು. ಮೂರನೆಯ ದಿನ ಶಕುಂತಲಾ ಗಂಟೆ ಬಿಚ್ಚಿ ಶಾಲೆಯ ಗಂಟೆ ಮಾಡಿಕೊಂಡಳು.

ಇಷ್ಟಕ್ಕೆ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ನನ್ನ ಕಣ್ಣು ಮೋಟರಿನ ಮೇಲೆ ಬಿತ್ತು. ಆ ಗಾಡಿಯಲ್ಲಿ ಮೋಟರು ಹೊಟ್ಟೆಯ ಜಾಗದಲ್ಲಿ ಎದ್ದು ಕಾಣುತ್ತದೆ. ಅದರ ಮೈತುಂಬ ಪಕ್ಕೆಲುಬಿನಂಥ ತಗಡಿನ ಪಟ್ಟಿಗಳು, ಪಟ್ಟಿಗಳ ನಡುವೆ ಸಂದು. ನೀರು ಹೋಗುವುದಿಲ್ಲ ಎಂದು ಹೇಳಿ ಇಷ್ಟೊಂದು ಸಂದು ಬಿಡುವುದೆಂದರೇನು? ಬೇಗ ಕೆಡಲಿ, ಇನ್ನೊಂದು ಮಾರೋಣ ಎಂಬ ಹಂಚಿಕೆ ನನಗೆ ಸ್ಪಷ್ಟವಾಗಿ ಕಂಡಿತು. ಗೊಬ್ಬರದ ಚೀಲ ತಂದು ಮೋಟರಿಗೆ ಸುತ್ತಿದೆ. ಅದರ ಮೇಲೆ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಎಳೆದು ಬಿಗಿದು, ಕಂಡಕ್ಟರನಾಗಿದ್ದಾಗ ಟಿಕೇಟಿನ ಕಟ್ಟುಗಳಿಗೆ ಹಾಕುತ್ತಿದ್ದ ಗಂಟು ಹಾಕಿದೆ. ಆ ಗಂಟನ್ನು ಬಿಚ್ಚಿ ಮತ್ತೆ ಹಾಗೆಯೇ ಹಾಕುವುದು ಬೇರೆಯವರಿಗೆ ಸಾಧ್ಯವಿಲ್ಲ. ಪ್ರತಿ ರವಿವಾರ, ಕೆಸರು ಮೆತ್ತಿ ಗಂಟೇ ಕಾಣದಂತಾದ ಸುತ್ತನ್ನು ಚಾಕುವಿನಿಂದ ಕೊಯ್ದು ತೆಗೆದು, ಮೋಟರು ತೊಳೆದು, ಮತ್ತೆ ಹೊಸದಾಗಿ ಸುತ್ತಿ ಬಿಗಿಯುವುದು ನನ್ನ ಪದ್ಧತಿಯಾಯಿತು.

ವಾಡಿಯಲ್ಲಿ ಶಾಲೆಯ ಪಕ್ಕದ ಮನೆ ಮಾಣಿಕಪ್ಪನದು. ಎಂಟೆಕರೆ ಹೊಲ, ಒಂದು ಬಾವಿ, ಜೋಡೆತ್ತು, ಒಂದು ಎಮ್ಮೆ. ವಯಸ್ಸಿನಲ್ಲಿ ನನ್ನ ಸರೀಕ. ಮೊದಲ ದಿನವೇ ಅವನು, ಗಾಡಿ ಬಿಸಿಲಿನಲ್ಲಿ ಯಾಕೆ ನಿಲ್ಲಿಸುತ್ತೀರಿ ಎಂದು ತನ್ನ ಕೊಟ್ಟಿಗೆಯಲ್ಲಿ ಎತ್ತುಗಳನ್ನು ಒಂದು ಕಡೆ ಸರಿಸಿ ಕಟ್ಟಿ ಜಾಗ ಮಾಡಿಕೊಟ್ಟ. ಕರೆಂಟು ಇದ್ದಾಗ ಅಲ್ಲೇ ಚಾರ್ಜಿಗೆ ಹಚ್ಚಿಕೊಳ್ಳಿ ಎಂದ. ಶಾಲೆಯ ಎರಡನೆಯ ಕೀಲಿಯೂ ಅವನ ಮನೆಯ ಗೂಟದಲ್ಲೇ ನೇತಾಡುತ್ತಿತ್ತು. ದಿನಾ ಹನ್ನೊಂದು ಗಂಟೆಗೆ ಅವನ ಹೆಂಡತಿ ನನಗೊಂದು ತಂಬಿಗೆ ಮಜ್ಜಿಗೆ ಕಳಿಸುತ್ತಿದ್ದಳು. ನಾನು ಹನುಮಂತನ ಗುಡಿಯ ಕಟ್ಟೆಯ ಮೇಲೆ ನಾಲ್ಕು ಗಂಟೆಯವರೆಗೆ ಪೇಪರು ಓದಿ, ನಿದ್ದೆ ಮಾಡಿ, ಊರವರ ಜೊತೆ ಹರಟೆ ಹೊಡೆದು ಕಾಲ ಕಳೆಯುತ್ತಿದ್ದೆ. ಈ ಮನುಷ್ಯ ಇಷ್ಟೆಲ್ಲ ಯಾಕೆ ಮಾಡುತ್ತಾನೆ ಎಂದು ನಾಲ್ಕು ತಿಂಗಳು ಯೋಚಿಸಿದೆ. ಉತ್ತರ ಸಿಗಲಿಲ್ಲ. ಉತ್ತರ ಸಿಗದಿದ್ದುದೇ ನನಗೆ ದೊಡ್ಡ ಸಂಶಯವಾಯಿತು. ಒಂದು ಸಲ ಅವನು ಮೋಟರಿನ ಸುತ್ತು ನೋಡಿ, ಅದಕ್ಕ ಜರಾ ಗಾಳಿ ಆಡಬೇಕಲ್ರಿ ಎಂದಿದ್ದ. ಒಳಗೆ ಏನಿದೆ ಎಂದು ನೋಡುವ ಆಸೆ ಇವನಿಗೆ ಎಂದುಕೊಂಡು ನಾನು ಮಾತು ಬದಲಿಸಿದ್ದೆ.

ಇದರ ನಡುವೆ ಗಾಡಿಗೆ ಒಂದು ವಿಚಿತ್ರ ರೋಗ ಅಂಟಿತು. ಸೋಮವಾರ ಬೆಳಿಗ್ಗೆ ಮಾತ್ರ ಅದು ಮೈಗಳ್ಳ. ಹಳ್ಳದ ಆಚೆಯ ಏರಿಗೆ ಬಂದರೆ ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಹತ್ತಿ, ಓಟ ತಗ್ಗಿ, ಕುಂಟುತ್ತ ಹೋಗುತ್ತಿತ್ತು. ಸಂಜೆಯಿಂದ ಶನಿವಾರದವರೆಗೆ ಮತ್ತೆ ಜೋರು. ಕೆಂಪು ದೀಪ ಸರ್ವಿಸ್ಸಿಗೆ ಕರೆಸಿಕೊಳ್ಳುವ ಉಪಾಯ ಎಂದು ಅದರ ಮೇಲೆ ಕರಿ ಪಟ್ಟಿ ಅಂಟಿಸಿದೆ. ಸೋಮವಾರದ ಗುಟ್ಟು ಮಾತ್ರ ಹರಿಯಲಿಲ್ಲ. ರವಿವಾರದ ಕರೆಂಟು ತೆಳುವಾಗಿರುತ್ತದೆಯೇ? ರಜೆಯ ದಿನ ಹಳೆಯದನ್ನೇ ಬಿಡುತ್ತಾರೆಯೇ? ಇದನ್ನು ಲೈನಮನ್ನನ್ನು ಕೇಳಿದೆ. ಅವನು ನನ್ನನ್ನು ಒಂದು ಥರ ನೋಡಿ, ಶರಣು ಸಾಹೇಬ್ರ ಎಂದು ಕಂಬ ಹತ್ತಿಬಿಟ್ಟ. ನೀವೂ ಈಗ ಹಾಗೆಯೇ ನೋಡುತ್ತಿದ್ದೀರಿ ಎಂಬ ಅನುಮಾನ ನನಗಿದೆ.

ಹಸಿರು ಸೋಯಾ ಹಳದಿಯಾಗುವ ಹೊತ್ತು, ಆ ವಾರ ಮಳೆಯೂ ಇರಲಿಲ್ಲ, ಗಾಡಿಗೆ ಕೆಸರೂ ಮೆತ್ತಿರಲಿಲ್ಲ. ಒಂದು ಗುರುವಾರ ಸಂಜೆ ಗಾಡಿ ಹೊರಗೆ ತೆಗೆಯಲು ಕೊಟ್ಟಿಗೆಗೆ ಹೋದಾಗ ಕನ್ನಡಕ ಕೆಳಗೆ ಬಿತ್ತು. ತೆಗೆಯಲು ಬಗ್ಗಿದೆ. ಮೋಟರಿನ ಕೆಳಮಗ್ಗುಲಿನ ಗಂಟು ನನ್ನ ಗಂಟಾಗಿರಲಿಲ್ಲ. ಎತ್ತು ಕಟ್ಟುವ ಹಗ್ಗಕ್ಕೆ ಹಾಕುವ ಗಂಟು. ಎರಡನೆಯದನ್ನು ನೋಡಿದೆ, ಅದೂ ಹಾಗೆಯೇ. ನನ್ನ ಮೈಯಲ್ಲಿ ಮೂವತ್ತು ವರ್ಷದ ಸರ್ವಿಸ್ಸು ಒಮ್ಮೆಲೇ ಎದ್ದು ನಿಂತಿತು. ಸತ್ಯ ಹೇಳಬೇಕೆಂದರೆ ಆಗ ನನಗೆ ಸಿಟ್ಟಿಗಿಂತ ಖುಷಿಯೇ ಹೆಚ್ಚಾಗಿತ್ತು. ಇಷ್ಟು ದಿನದ ನನ್ನ ಸಂಶಯ ಸುಳ್ಳಾಗಲಿಲ್ಲ ಎಂಬ ಖುಷಿ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೀದಾ ಕಟ್ಟೆಗೆ ಹೋದೆ. ಏಳೆಂಟು ಜನ ಕೂತಿದ್ದರು. ಮಾಣಿಕಪ್ಪ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ.

"ನನ್ನ ಗಾಡಿಗಿ ಯಾರು ಕೈ ಹಚ್ಚ್ಯಾರ?" ಎಂದೆ.

"ನಾನೇ ಹಚ್ಚೇನ್ರಿ ಸಾಹೇಬ್ರ," ಎಂದ ಮಾಣಿಕಪ್ಪ. ಒಂದು ಚೂರೂ ಗಾಬರಿಯಿಲ್ಲ. "ಯಾಕಂದ್ರ..."

ಯಾಕಂದ್ರ ಎಂಬ ಮಾತು ಬಂದೊಡನೆ ಚೆಕಿಂಗ್ ಮಾಡುವವನ ಕಿವಿ ಮುಚ್ಚಿಕೊಳ್ಳುತ್ತದೆ. ಬಸ್ಸಿನಲ್ಲಿ ಎಲ್ಲ ಸುಳ್ಳುಗಳೂ ಆ ಮಾತಿನಿಂದಲೇ ಶುರುವಾಗುತ್ತಿದ್ದವು. ಅದುವರೆಗೆ ಅವನಿಗೆ ಮರ್ಯಾದೆ ಕೊಟ್ಟೇ ಮಾತಾಡುತ್ತಿದ್ದ ನಾನು, ಆವತ್ತು ಹೀಗೆಂದೆ: "ಯಾಕಂತ ನಾ ಕೇಳಿಲ್ಲ. ಮೂವತ್ತು ವರ್ಷ ಇಂಥವರನ್ನ ಬಸ್ಸಿನಾಗಿಂದ ಇಳಿಸೇನಿ. ಕೇಳದೆ ಇನ್ನೊಬ್ಬರ ಸಾಮಾನಿಗಿ ಕೈ ಹಚ್ಚೋರಿಗಿ ಏನಂತಾರ, ನಿನಗ ಗೊತ್ತಿಲ್ಲೇನು?"

ಏನಂತಾರೆ ಎಂದು ನಾನು ಹೇಳಲಿಲ್ಲ. ಕಟ್ಟೆಯ ಮೇಲಿದ್ದ ಎಲ್ಲರಿಗೂ ಅದು ಕೇಳಿಸಿತು. ಮಾಣಿಕಪ್ಪ ಅಂಗೈಯ ತಂಬಾಕನ್ನು ನೆಲಕ್ಕೆ ಜಾಡಿಸಿ, ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಮನೆಯ ಕಡೆ ನಡೆದ.

ಕಟ್ಟೆಯ ಮಾತು ಶಾಲೆಯವರೆಗೂ ಕೇಳಿಸಿತ್ತು. ಅಂದು ರಾತ್ರಿ ಶಕುಂತಲಾ ಮನೆಯಲ್ಲಿ ತಾಟಿಗೆ ರೊಟ್ಟಿ ಹಾಕುತ್ತ, "ನಾಕು ತಿಂಗಳು ಅವರ ಮನಿ ಮಜ್ಜಿಗಿ ಕುಡದೀರಿ. ಯಾಕ ಹಚ್ಚಿದ್ದಿ ಅಂತ ಒಂದ ಮಾತು ಕೇಳಬಾರದಿತ್ತೇನ್ರಿ?" ಎಂದಳು. ಕೇಳುವುದೇನಿದೆ, ಅವನೇ ಒಪ್ಪಿಕೊಂಡನಲ್ಲ ಎಂದೆ. ಅವಳು ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮರುದಿನದಿಂದ ಗಾಡಿಯನ್ನು ಶಾಲೆಯ ಗೋಡೆಯ ಪಕ್ಕ ಬಿಸಿಲಿನಲ್ಲೇ ನಿಲ್ಲಿಸಿದೆ. ಕೊಟ್ಟಿಗೆಯೊಳಗೆ ಹೆಜ್ಜೆ ಇಡಲಿಲ್ಲ, ಮಜ್ಜಿಗೆಯೂ ಬರಲಿಲ್ಲ. ಮಾಣಿಕಪ್ಪನ ಗಂಟುಗಳನ್ನು ಬಿಚ್ಚಲಿಲ್ಲ, ಪುರಾವೆ ಕೆಡಬಾರದಲ್ಲ. ಅವುಗಳ ಮೇಲೆಯೇ ಇನ್ನೆರಡು ಸುತ್ತು ಚೀಲ ಸುತ್ತಿ, ಬಿಗಿ ತಂತಿ ಕಟ್ಟಿ, ತಂತಿಗೆ ಒಂದು ಸಣ್ಣ ಬೀಗ ಹಾಕಿದೆ. ಆ ರವಿವಾರ ತೊಳೆಯಲೂ ಇಲ್ಲ. ಗಾಡಿ ಈಗ ಸೋಮವಾರ ಮಾತ್ರವಲ್ಲ, ದಿನವೂ ಏರಿಗೆ ಬಂದರೆ ಏದುಸಿರು ಬಿಡತೊಡಗಿತು. ಇದೂ ಅವನದೇ ಕೆಲಸ, ಒಳಗೆ ಏನನ್ನೋ ಸಡಿಲ ಮಾಡಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಹೀಗೆ ಕೊಟ್ಟಿಗೆಯ ನಂಟು ಕಡಿದು ಶುಕ್ರವಾರ, ಶನಿವಾರ, ಸೋಮವಾರ, ಮಂಗಳವಾರ ಕಳೆದವು.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಔರಾದಿನ ಇನ್ನೊಬ್ಬ ಟೀಚರು ಫೋನು ಮಾಡಿ, ಸಾಹೇಬರ ಜೀಪು ನಿಮ್ಮ ವಾಡಿಯ ಕಡೆಗೇ ಹೊರಟಿದೆ ಎಂದಳು. ರಾತ್ರಿ ಮಳೆಯಾಗಿತ್ತು. ಜೀಪು ಬಂಡಿ ದಾರಿ ಬಿಟ್ಟು, ಮೂರು ಪಟ್ಟು ದೂರವಾದರೂ ಆ ಕಡೆಯ ಡಾಂಬರು ರಸ್ತೆ ಸುತ್ತಿ ಬರುತ್ತದೆ. ನಮಗೆ ಇನ್ನೂ ಹೊತ್ತಿತ್ತು. ಶಕುಂತಲಾ ತಲೆ ಬಾಚಿಕೊಳ್ಳುತ್ತಲೇ ಹಿಂದೆ ಹತ್ತಿದಳು. ನಾನು ಹಿಂದೆಂದೂ ತಿರುವದಷ್ಟು ಗಾಡಿಯ ಕಿವಿ ತಿರುವಿ ಓಡಿಸಿದೆ. ಕೆಸರು, ಇಬ್ಬರ ಭಾರ, ಮಳೆ ಬಿಟ್ಟ ಮೇಲಿನ ಚುರುಕು ಬಿಸಿಲು. ಹಳ್ಳ ದಾಟಿ ಏರಿನ ನಡುವೆ ಗಾಡಿ ಕಿಮಕ್ ಎನ್ನದೆ ನಿಂತುಬಿಟ್ಟಿತು. ಕೀಲಿ ತಿರುವಿದೆ, ಬಡಿದೆ, ಬೈದೆ. ಏನೂ ಇಲ್ಲ.

ವಾಡಿ ಇನ್ನೂ ಎರಡು ಕಿಲೋಮೀಟರು. ಶಕುಂತಲಾ ಕೆಳಗಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡಳು. ಅವಳ ಮೊಣಕಾ‌ಲಿನ ನೋವು ನನಗೆ ಗೊತ್ತು. ನಾನೂ ಬರುತ್ತೇನೆ ಎಂದೆ.

"ಬ್ಯಾಡ್ರಿ. ಯಾರರೆ ಕೈ ಹಚ್ಚ್ಯಾರು. ನೀವು ಗಾಡಿ ಕಾಯ್ಕೋತ ಕೂಡ್ರಿ," ಎಂದು ತಿರುಗಿಯೂ ನೋಡದೆ ಹೊರಟಳು.

ಮದುವೆಯಾದ ಮೇಲೆ ಅವಳಿಂದ ಅಷ್ಟು ಬಿರುಸಾದ ಮಾತು ನಾನು ಕೇಳಿರಲಿಲ್ಲ. ಅವಳು ಹೆಜ್ಜೆಗೊಮ್ಮೆ ಕಾಲು ಕಿತ್ತುಕೊಳ್ಳುತ್ತ ಹೋಗುವುದನ್ನು ನೋಡುತ್ತ ನಿಂತೆ. ಕಣ್ಣಿಗೆ ಮರೆಯಾದ ಮೇಲೆ ಸಿಟ್ಟು ಉಕ್ಕಿತು. ಅಂಗಡಿಯವನ ಮೇಲೆ, ಬ್ಯಾಟರಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಮಾಣಿಕಪ್ಪನ ಮೇಲೆ. ಅವನು ಏನು ಕೆಡಿಸಿದ್ದಾನೋ ಇವತ್ತೇ ಬಿಚ್ಚಿ, ಹಿಡಿದು, ಊರ ಮುಂದೆ ಇಡುತ್ತೇನೆ ಎಂದು ಬೀಗ ತೆಗೆದು ತಂತಿ ಬಿಚ್ಚಿ ಚೀಲದೊಳಗೆ ಕೈ ಹಾಕಿದೆ.

ಅಂಗೈ ಚುರ್ ಎಂದಿತು. ಕೈ ಹಿಂದೆಳೆದುಕೊಂಡು ಹಳ್ಳಕ್ಕೆ ಓಡಿ ನೀರಿನಲ್ಲಿ ಅದ್ದಿದೆ. ಬಂದು ಕಡ್ಡಿಯಿಂದ ಪದರು ಪದರಾಗಿ ಬಿಡಿಸಿದೆ. ನಾನು ಹೊಸದಾಗಿ ಸುತ್ತಿದ ಚೀಲ ಕರಗಿ ಮೋಟರಿನ ಪಕ್ಕೆಲುಬುಗಳ ಮೇಲೆ ಅಂಟಿಕೊಂಡಿತ್ತು. ಅದರ ಒಳಗೆ ಹಳೆಯ ಸುತ್ತು. ಮಾಣಿಕಪ್ಪ ಅದನ್ನು ಹರಿದಿರಲಿಲ್ಲ, ಕತ್ತರಿಸಿರಲಿಲ್ಲ. ಮೇಲಿನಿಂದ ನೋಡಿದರೆ ಮುಚ್ಚಿದಂತೆಯೇ ಕಾಣುವ ಹಾಗೆ ಬಿಟ್ಟು, ಎರಡೂ ಮಗ್ಗುಲಿಗೆ ಚೀಲವನ್ನು ನೀಟಾಗಿ ಮಡಿಚಿ ಹಿಂದಕ್ಕೆ ಕಟ್ಟಿದ್ದ. ಪಟ್ಟಿಗಳ ನಡುವಿನ ಸಂದುಗಳೆಲ್ಲ ತೆರೆದಿದ್ದವು. ಗಾಳಿ ಆಡುವುದಕ್ಕೆ.

ಆಗ ಸೋಮವಾರದ ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು. ರವಿವಾರ ನಾನು ಉಸಿರುಗಟ್ಟುವಂತೆ ಬಿಗಿಯುತ್ತಿದ್ದೆ. ಸೋಮವಾರ ಬೆಳಿಗ್ಗೆ ಗಾಡಿ ಕುಂಟುತ್ತ ವಾಡಿ ಮುಟ್ಟುತ್ತಿತ್ತು. ನಾನು ಕಟ್ಟೆಯ ಮೇಲೆ ನಿದ್ದೆ ಹೋದಾಗ ಮಾಣಿಕಪ್ಪ ಬಿಚ್ಚಿ, ಮಡಿಚಿ, ನನಗೆ ಗೊತ್ತಾಗದಂತೆ ಕಟ್ಟುತ್ತಿದ್ದ. ಶನಿವಾರದವರೆಗೆ ಗಾಡಿ ಓಡುತ್ತಿತ್ತು. ನಾಲ್ಕು ತಿಂಗಳು, ಪ್ರತಿ ಸೋಮವಾರ. ಶಕುಂತಲಾ ಅಷ್ಟು ದಿನ ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿದ್ದು ನನ್ನಿಂದಲ್ಲ, ಅವನಿಂದ. ನಾನು ಆ ಕೆಸರಿನ ಏರಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಯಾರೂ ನೋಡುತ್ತಿಲ್ಲವಲ್ಲ ಎಂದು ಅತ್ತೆ ಕೂಡ.

ಸುತ್ತು ತೆಗೆದು ಅರ್ಧ ತಾಸು ಬಿಟ್ಟ ಮೇಲೆ ಗಾಡಿ ತಾನಾಗಿಯೇ ಜೀವ ಹಿಡಿಯಿತು. ಶಾಲೆಗೆ ಬಂದಾಗ ಜೀಪು ನಿಂತಿತ್ತು. ಗಾಡಿ ಸದ್ದು ಮಾಡದ್ದರಿಂದ ನಾನು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಒಳಗೆ ಶಕುಂತಲಾ ಮೊಣಕಾಲವರೆಗೆ ಮೆತ್ತಿದ ಕೆಸರಿನಲ್ಲೇ ಮಕ್ಕಳ ಎದುರು ನಿಂತು ಮಗ್ಗಿ ಹೇಳಿಸುತ್ತಿದ್ದಳು. ಅವಳು ಬರುವ ಮೊದಲೇ ಮಾಣಿಕಪ್ಪ ಬೀಗ ತೆಗೆದು, ಮಕ್ಕಳನ್ನು ಕೂಡಿಸಿ, ಹಾಜರಿ ಪುಸ್ತಕ ಮೇಜಿನ ಮೇಲೆ ಇಟ್ಟಿದ್ದನೆಂದು ಆಮೇಲೆ ತಿಳಿಯಿತು. ಸಾಹೇಬರು ಪಡಸಾಲೆಯಲ್ಲಿ ಖುರ್ಚಿಯ ಮೇಲೆ ಕೂತು ಅವನನ್ನು ಎದುರು ನಿಲ್ಲಿಸಿಕೊಂಡಿದ್ದರು. ಮುಖ ನೋಡಿದೊಡನೆ ಗೊತ್ತಾಯಿತು, ಅವರೂ ನನ್ನ ಜಾತಿಯವರೇ, ಯಾರನ್ನೂ ನಂಬದವರು. ನಾನು ಗೋಡೆಯ ಮರೆಗೆ ನಿಂತೆ. ಕದ್ದು ಕೇಳುವುದು ನನಗೆ ಹೊಸದೇನಲ್ಲ.

"ಇವತ್ತ ಟೀಚರ್ ತಡಾ ಮಾಡಿ ಬಂದಾರ. ದಿನಾ ಹಿಂಗೇ ಏನು? ಖರೇ ಹೇಳ್ರಿ," ಎಂದು ಸಾಹೇಬರು ಕೇಳಿದರು.

"ಇವತ್ತೊಂದ ದಿನ ಹಳ್ಳದಾಗ ಗಾಡಿ ಕೈ ಕೊಟ್ಟದರಿ, ನಡಕೋತ ಬಂದಾರ," ಎಂದ ಮಾಣಿಕಪ್ಪ. "ಅವರ ಗಾಡಿ ದಿನಾ ನನ್ನ ಕೊಟಗ್ಯಾಗೇ ನಿಂದರತದ. ನಾ ಎತ್ತಿಗಿ ಮೇವು ಹಾಕಿ ಹೊರಗ ಬರೋದ್ರಾಗ ಅವರು ಬಂದಿರ್ತಾರ. ನನಗಿಂತ ಚಲೋ ಯಾರು ಹೇಳ್ಯಾರ್ರಿ?"

ದಿನಾ ಎಂದ. ನಾಲ್ಕು ದಿನದಿಂದ ನನ್ನ ಗಾಡಿ ಅವನ ಕೊಟ್ಟಿಗೆಯ ನೆರಳು ಕಂಡಿರಲಿಲ್ಲ. ಊರಿನ ಎದುರು ಕಳ್ಳನೆನಿಸಿಕೊಂಡವನು, ಈಚೆಗೆ ಅವರ ಗಾಡಿ ನನ್ನ ಹತ್ತಿರ ಇಲ್ಲ, ಅವರ ಸಂಗತಿ ನನಗೆ ಗೊತ್ತಿಲ್ಲ ಎಂದು ಸುಮ್ಮನೆ ಹೇಳಿದ್ದರೂ ನಡೆಯುತ್ತಿತ್ತು. ಅದು ನಿಜವೂ ಆಗುತ್ತಿತ್ತು. ಶಾಲೆಯೂ ಹೋಗುತ್ತಿತ್ತು. ನನ್ನ ಜನ್ಮದಲ್ಲಿ ಎದುರಿಗೇ ಕೇಳಿದ ಒಂದು ಸುಳ್ಳನ್ನು ನಾನು ಹಿಡಿಯದೆ ಬಿಟ್ಟದ್ದು ಅದೊಂದೇ. ಸಾಹೇಬರು ಏನೋ ಬರೆದುಕೊಂಡು, ಮಕ್ಕಳಿಂದ ಎರಡು ಪಾಠ ಓದಿಸಿ, ಚಹಾ ಕುಡಿದು ಹೋದರು. ಏನು ಬರೆದರೋ ಗೊತ್ತಿಲ್ಲ. ಶಾಲೆ ಇಂದಿಗೂ ನಡೆಯುತ್ತಿದೆ.

ಅಂದು ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮೇಲೆ ನಾನು ಕಟ್ಟೆಗೆ ಹೋದೆ. ಮಾಣಿಕಪ್ಪ ಇದ್ದ, ಆವತ್ತು ಇದ್ದವರೆಲ್ಲ ಇದ್ದರು. ಸುಟ್ಟ ಕೈಗೆ ಶಕುಂತಲಾ ಅರಿವೆ ಸುತ್ತಿದ್ದಳು. ಮನೆಗೆ ಹೋಗಿ ಅವನೊಬ್ಬನ ಎದುರು ಹೇಳಿಬಿಡೋಣ ಎಂದು ಮನಸ್ಸು ಎಳೆಯಿತು. ಆದರೆ ನಾನು ಕೇಳದೆ ಬಿಟ್ಟದ್ದು ಎಲ್ಲರ ಎದುರು.

"ಮಾಣಿಕಪ್ಪನವರ," ಎಂದೆ. "ನನ್ನ ಗಾಡಿಗಿ ಯಾಕ ಕೈ ಹಚ್ಚಿದ್ರಿ?"

ಅವನು ತಂಬಾಕಿನ ಚೀಲವನ್ನು ಪಕ್ಕಕ್ಕಿಟ್ಟ. ಆಮೇಲೆ ಹೇಳತೊಡಗಿದ. ಬಾವಿಗೆ ಮೊದಲ ಮೋಟರು ಕೂಡಿಸಿದ ವರ್ಷ, ಮಳೆ ಬಿದ್ದು ಕೆಟ್ಟೀತು ಎಂದು ಅದಕ್ಕೆ ಗೋಣಿಚೀಲ ಹೊದಿಸಿದ್ದು, ಎಂಟೇ ದಿನದಲ್ಲಿ ಒಳಗಿನ ತಂತಿ ಸುಟ್ಟು ಹೋದದ್ದು, ಅದನ್ನು ಹೊತ್ತುಕೊಂಡು ಭಾಲ್ಕಿಗೆ ಹೋದದ್ದು, ಅಲ್ಲಿಯ ವೈಂಡಿಂಗ್ ಮಾಡುವವನು ಬೈದದ್ದು. ನಡುವೆ ಅವನ ಎಮ್ಮೆ ಬಂತು, ಆ ವರ್ಷದ ಜೋಳ ಬಂತು, ಭಾಲ್ಕಿಯಲ್ಲಿ ಸಿಕ್ಕ ಬೀಗರೊಬ್ಬರ ಕಥೆ ಬಂತು. ಹೇಳಿದರೆ ನೀವು ಬೇಸರ ಮಾಡಿಕೊಳ್ಳುತ್ತೀರೆಂದು ಸುಮ್ಮನೆ ಬಿಚ್ಚಿ ಕಟ್ಟುತ್ತಿದ್ದೆ ಎಂದ. ನನಗೆ ಗೊತ್ತಿಲ್ಲದ್ದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಆದರೂ ಅವನು ಮುಗಿಸುವವರೆಗೆ ನಾನು ನಿಂತೇ ಕೇಳಿದೆ, ನಡುವೆ ಒಂದು ಮಾತೂ ಹಾಕಲಿಲ್ಲ. ಮುಗಿದ ಮೇಲೆ, ನಂದು ತಪ್ಪಾಯ್ತರಿ ಎಂದು ಕೈ ಮುಗಿದೆ.

ಮಾಣಿಕಪ್ಪ ನನ್ನ ಕೈಯ ಅರಿವೆಯನ್ನು ನೋಡಿದ. ಆಮೇಲೆ ಶಾಲೆಯ ಗೋಡೆಯ ಕಡೆ ನೋಡಿದ.

"ಗಾಡಿ ಬಿಸಲಾಗ ನಿಂತದ," ಎಂದ. "ಒಳಗ ತರ್ರಿ."